ಗಾಳಿ ಹೊಡೆಯುತ್ತ ಮೂಡಲಗಿಗೆ

ನಮ್ಮ ಮನೆಗೆ ಮೋಟಾರು ಬಂದ ದಿನ ಅದರ ಜೊತೆಗೆ ಒಂದು ಜೋಡಿ ಎತ್ತೂ ಬಂದವು. ಎತ್ತುಗಳು ಮೋಟಾರಿನ ಮುಂದೆ ಇರಲಿಲ್ಲ, ಹಿಂದೆ ಇದ್ದವು. ಗೋಕಾಕ ಫಾಲ್ಸಿನಿಂದ ಊರಿಗೆ ಇಳಿಯುವ ದಾರಿಯಲ್ಲಿ ಬ್ರೇಕು ಕೈಕೊಟ್ಟೀತೆಂದು ಹೆದರಿ ನಮ್ಮವರು ಯಾರದೋ ಎತ್ತುಗಳನ್ನು ಬೇಡಿ ತಂದು, ಮೋಟಾರಿನ ಬೆನ್ನಿಗೆ ಹಗ್ಗ ಬಿಗಿದು, ಅವುಗಳ ಕೈಯಲ್ಲಿ ಅದನ್ನು ಹಿಂದಕ್ಕೆ ಜಗ್ಗಿಸಿಕೊಳ್ಳುತ್ತ ಇಳಿಜಾರು ದಾಟಿದ್ದರು. ಬಾಗಿಲ ಮರೆಯಲ್ಲಿ ನಿಂತು ನೋಡಿದ ನನಗೆ ಮೊದಲು ಕಂಡದ್ದು ಉದ್ದನೆಯ ಹಸಿರು ಮೂತಿ, ಅದರ ಮೇಲೆ ಬಿಗಿದ ತೊಗಲಿನ ಪಟ್ಟಿ, ಆಮೇಲೆ ಧೂಳಿನಲ್ಲಿ ಮಿಂದ ನನ್ನ ಗಂಡನ ನಗುಮುಖ, ಕಡೆಗೆ ಬೇಸತ್ತ ಎರಡು ಎತ್ತಿನ ಮುಖ.

ಮದುವೆಯಾಗಿ ನಾನು ಹುಕ್ಕೇರಿಯಿಂದ ಗೋಕಾಕಕ್ಕೆ ಬಂದು ಬಹಳ ದಿನ ಆಗಿರಲಿಲ್ಲ. ಇವರು ಡಾಕ್ಟರು. ಮನೆಯ ಮುಂದಿನ ಕೋಣೆಯೇ ದವಾಖಾನೆ. ವಾರಕ್ಕೊಮ್ಮೆ ಸಂತೆಯ ದಿನ ಮೂಡಲಗಿಗೆ ಹೋಗಿ, ಅಲ್ಲಿ ಪೇಟೆಯ ಬಾಜೂ ಒಂದು ಕೋಣೆಯಲ್ಲಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಚಕ್ಕಡಿಯಲ್ಲಿ ಹೋಗಿ ಬರುವುದರಲ್ಲಿ ಅವರ ಸೊಂಟ ಹಿಡಿದು ಹೋಗುತ್ತಿತ್ತು. ಹೀಗಿರುವಾಗ ಬೆಳಗಾವಿ ಕ್ಯಾಂಪಿನಲ್ಲಿ ಒಬ್ಬ ಸಾಹೇಬ ವಿಲಾಯತಿಗೆ ಹೊರಟಿದ್ದಾನೆ, ತನ್ನ ಹಳೆಯ ಮೋಟಾರನ್ನು ಮಾರುತ್ತಾನೆ ಎಂದು ಕೇಳಿ ಇವರು ಓಡಿ ಹೋದರು. ಅದು ಮನೆಮಂದಿ ಕೂತು ಹೋಗುವ ಮೋಟಾರಲ್ಲ. ಪಂದ್ಯದಲ್ಲಿ ಓಡಿಸಲೆಂದು ಮಾಡಿದ, ಮೇಲೆ ಟಪ್ಪವಿಲ್ಲದ, ಇಬ್ಬರೇ ಕೂರುವ ಗಾಡಿ. ಸಾಹೇಬನ ಕೈಗೆ ಬರುವ ಮೊದಲೇ ಅದು ಇನ್ನೂ ಇಬ್ಬರು ಸಾಹೇಬರನ್ನು ಕಂಡಿತ್ತು. ಹೊಸದಿದ್ದಾಗ ಗಾಳಿಯ ಹಾಗೆ ಓಡುತ್ತಿತ್ತಂತೆ. ನಮ್ಮ ಪಾಲಿಗೆ ಬಂದಾಗ ಅದಕ್ಕೆ ವಯಸ್ಸಾಗಿತ್ತು.

ಅತ್ತೆ ಹೊರಗೆ ಬಂದು ಅದರ ಸುತ್ತ ಒಂದು ಸಲ ತಿರುಗಿದರು. ಅವರು ಗಂಡ ತೀರಿಕೊಂಡ ಮೇಲೆ ಒಬ್ಬರೇ ಹತ್ತಿಯ ವ್ಯಾಪಾರ ನೋಡಿಕೊಂಡು ಮಗನನ್ನು ಓದಿಸಿದ ಗಟ್ಟಿ ಹೆಂಗಸು. ಮಾತು ಕಡಿಮೆ.

"ಇಬ್ಬರ ಕೂಡ್ರೂ ಗಾಡಿ ಏನ ಇದು?" ಎಂದರು.

"ಹೌದವ್ವಾ. ನಾನು, ಮತ್ತ ಇನ್ನೊಬ್ಬರು," ಎಂದರು ಇವರು.

"ಹಂಗಾರ ನಾ ಅಂತೂ ಕೂಡ್ರೂದಿಲ್ಲ," ಎಂದು ಅತ್ತೆ ಮೂರು ಬೆರಳಿನಿಂದ ಅದರ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದರು.

ಆ ಇನ್ನೊಬ್ಬರು ಯಾರು ಎಂಬುದನ್ನು ಗೊತ್ತುಮಾಡಿದ್ದು ಇಂಜಿನ್ನಿನ ಒಂದು ರೋಗ. ಅದರ ಪೆಟ್ರೋಲಿನ ಟಾಕಿ ಹಿಂಭಾಗದಲ್ಲಿತ್ತು, ಇಂಜಿನ್ನು ಮುಂಭಾಗದಲ್ಲಿ. ಪೆಟ್ರೋಲು ತಾನಾಗಿ ಮುಂದಕ್ಕೆ ಹರಿಯುತ್ತಿರಲಿಲ್ಲ. ಟಾಕಿಯೊಳಗೆ ಗಾಳಿ ತುಂಬಬೇಕು. ಆ ಗಾಳಿ ಪೆಟ್ರೋಲನ್ನು ಒತ್ತಿ ಮುಂದಕ್ಕೆ ಕಳಿಸಬೇಕು. ಅದಕ್ಕೆಂದೇ ಎಡಗಡೆಯ ಸೀಟಿನ ಮುಂದೆ ಹಿತ್ತಾಳೆಯ ಒಂದು ಕೈಪಂಪು ಇತ್ತು. ಗಾಡಿ ಹೊಸದಿದ್ದಾಗ ಹೊರಡುವ ಮುಂಚೆ ಸ್ವಲ್ಪ ಹೊಡೆದರೆ ಸಾಕಾಗುತ್ತಿತ್ತಂತೆ, ಆಮೇಲೆ ಇಂಜಿನ್ನೇ ತನಗೆ ಬೇಕಾದ ಗಾಳಿ ತುಂಬಿಕೊಳ್ಳುತ್ತಿತ್ತು. ಈಗ ಆ ಏರ್ಪಾಡು ಕೆಟ್ಟಿತ್ತು, ಟಾಕಿಯ ಮುಚ್ಚಳದಿಂದ ಗಾಳಿ ಸೋರುತ್ತಿತ್ತು. ಯಾರಾದರೂ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಪಂಪು ಹೊಡೆಯುತ್ತಲೇ ಇರಬೇಕು. ಕೈ ನಿಲ್ಲಿಸಿದರೆ ಇಂಜಿನ್ನು ಎರಡು ಸಲ ಕೆಮ್ಮಿ ನಿಂತು ಬಿಡುತ್ತಿತ್ತು.

ಮೊದಲು ಕಂಪೌಂಡರನನ್ನು ಕರೆದುಕೊಂಡು ಹೋದರು. ಅವನಿಗೆ ಪೆಟ್ರೋಲಿನ ವಾಸನೆಗೆ ಹೊಟ್ಟೆ ತೊಳಸಿ, ಹೊಳೆ ದಾಟುವಷ್ಟರಲ್ಲಿ ಮಲಗಿಬಿಟ್ಟ. ಮಾರನೆಯ ವಾರ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಅತ್ತೆಯ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಒಲೆಯ ಕಡೆ ನೋಡುತ್ತ ಕೇಳಿದರು:

"ನಿನಗ ಪೆಟ್ರೋಲ ವಾಸನಿ ಆಗತೈತೇನು?"

"ಯಾಕ್ರಿ?" ಎಂದೆ.

"ಗಾಳಿ ಹೊಡಿಯಾಕ ಒಬ್ಬರು ಬೇಕು."

ನಾನು ಅತ್ತೆಯ ಮುಖ ನೋಡಿದೆ. ಅವರು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ಸೆರಗ ಗಟ್ಟಿ ಕಟ್ಟಕೋ," ಎಂದರು, ಅಷ್ಟೆ.

ಹೀಗೆ ನಾನು ಮನೆಯಿಂದ ಹೊರಬಿದ್ದೆ. ನನ್ನ ಓರಗೆಯ ಸೊಸೆಯಂದಿರು ಹಬ್ಬಕ್ಕೋ ಹೆರಿಗೆಗೋ ಮಾತ್ರ ಊರು ದಾಟುತ್ತಿದ್ದ ಕಾಲ ಅದು. ನಾನು ವಾರವಾರವೂ ಎಡಗಡೆಯ ಸೀಟಿನಲ್ಲಿ ಕೂತು, ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಪಂಪು ಹೊಡೆಯುತ್ತ, ಜೋಳದ ಹೊಲಗಳ ನಡುವೆ ಮೂಡಲಗಿಗೆ ಹೋಗಿ ಬರುತ್ತಿದ್ದೆ. ಕರಿಮಣ್ಣಿನ ಹೊಲ ಅಷ್ಟು ಉದ್ದ ಇರುತ್ತದೆಂದು, ಬೆಳಗಿನಲ್ಲಿ ಕುಸುಬೆಯ ಹೂವು ಅಷ್ಟು ಹಳದಿಯಾಗಿರುತ್ತದೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ. ಹುಕ್ಕೇರಿಯ ನಮ್ಮ ಮನೆಯ ಹಿತ್ತಲಿನ ಗೋಡೆ ಅಷ್ಟು ಎತ್ತರವಿತ್ತು.

ಅದೇ ಹುಕ್ಕೇರಿಗೆ ಮೊದಲ ಸಲ ಮೋಟಾರಿನಲ್ಲಿ ಹೋದದ್ದು ನೆನಪಿದೆ. ಫಾಲ್ಸಿನ ಏರು ಹತ್ತುವಾಗ ನನ್ನ ಕೈ ಬಿದ್ದು ಹೋಗುವ ಹಾಗಾಯಿತು. ಏರಿನಲ್ಲಿ ಪೆಟ್ರೋಲು ಇನ್ನೂ ಹಟ ಮಾಡುತ್ತಿತ್ತು. ಅರ್ಧ ಏರಿದಾಗ ಮುಂದಿನ ರೇಡಿಯೇಟರಿನಿಂದ ಹಬೆ ಎದ್ದಿತು. ನಿಲ್ಲಿಸಿ, ಆರಿಸಿ, ಕೊಡ ಹೊತ್ತು ಹೋಗುತ್ತಿದ್ದ ಹೆಂಗಸರಿಗೆ ನೀರು ಕೇಳಿದೆವು. ಅವರಲ್ಲೊಬ್ಬಳು, "ಇದಕ್ಕೂ ಬಾಯಾರತೈತೇನ್ರಿ?" ಎಂದು ಕೇಳಿ ಕೊಡವನ್ನೇ ಬಗ್ಗಿಸಿದಳು. ಹುಕ್ಕೇರಿಯ ಪೇಟೆಯಲ್ಲಿ ನಾನು ತಲೆ ತಗ್ಗಿಸಿಕೊಂಡು ಪಂಪು ಹೊಡೆಯುತ್ತಿದ್ದರೆ ಅಂಗಡಿಗಳಿಂದ ಜನ ಹೊರಗೆ ಬಂದು ನೋಡಿದರು. ಅಪ್ಪ ಬಾಗಿಲಲ್ಲಿ ನಿಂತಿದ್ದವರು ಅಳಿಯನಿಗೆ ಕೈಮುಗಿಯುವುದನ್ನೂ ಮರೆತು ನನ್ನ ಕೈಯನ್ನೇ ನೋಡಿದರು.

ಒಳಗೆ ಹೋದ ಮೇಲೆ ಅವ್ವ ನನ್ನ ಅಂಗೈ ಬಿಡಿಸಿ, ಅಲ್ಲಿದ್ದ ಬೊಬ್ಬೆ ನೋಡಿ ಕಣ್ಣಲ್ಲಿ ನೀರು ತಂದಳು.

"ಅತ್ತಿ ಅಷ್ಟ ಬೀಸಾಕ ಹಚ್ಚತಾಳೇನ ನಿನಗ?"

"ಇಲ್ಲವ್ವಾ. ಇದು ಪೆಟ್ರೋಲಿಂದು."

ಅವಳಿಗೆ ಅರ್ಥವಾಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಪಂಪು ತೋರಿಸಿದೆ. ಅವ್ವ ಒಂದು ಸಲ ಹೊಡೆದು ನೋಡಿದಳು, ಇನ್ನೊಂದು ಸಲ ಹೊಡೆದಳು. ಆಮೇಲೆ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸೀಟಿನಲ್ಲಿ ಕೂತು ಹೊಡೆದಳು. ಅಪ್ಪ ಕೆಮ್ಮಿದ ಸದ್ದು ಕೇಳುವವರೆಗೂ ಇಳಿಯಲಿಲ್ಲ.

ಗಾಳಿಯದು ಒಂದು ರೋಗವಾದರೆ ಎಣ್ಣೆಯದು ಇನ್ನೊಂದು. ಹಳೆಯ ಇಂಜಿನ್ನು ಒಳಗೊಳಗೇ ಎಣ್ಣೆ ಕುಡಿಯುತ್ತಿತ್ತು. ಹಿಂದೆ ನೀಲಿ ಹೊಗೆ ಬಿಡುತ್ತಿತ್ತು. ಬೆಂಕಿಯ ಕಿಡಿ ಕೊಡುವ ಪ್ಲಗ್ಗುಗಳ ಮೇಲೆ ಆ ಎಣ್ಣೆ ಕೂತು ಮಸಿಯಾಗಿ, ಕಿಡಿ ಸತ್ತು, ಗಾಡಿ ಕುಂಟುತ್ತಿತ್ತು. ಸಂಜೆ ಮನೆಗೆ ಬಂದ ಕೂಡಲೇ ಪ್ಲಗ್ಗುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ತಂತಿಯ ಬ್ರಶ್ಶಿನಿಂದ ತಿಕ್ಕುವ ಕೆಲಸ ನನಗೆ ಬಂತು. ಚಳಿಗಾಲದ ಬೆಳಗಿನಲ್ಲಿ ಅಷ್ಟು ಸಾಲುತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಸಿ ಮಾಡಿ, ಬಿಸಿ ಆರುವ ಮುಂಚೆಯೇ ಓಡಿ ಹೋಗಿ ಕೂಡಿಸಿದರೆ ಮಾತ್ರ ಇಂಜಿನ್ನು ಏಳುತ್ತಿತ್ತು. ಬಿಸಿ ಮಾಡಲು ಮನೆಯಲ್ಲಿ ಇದ್ದದ್ದು ಒಂದೇ ಒಲೆ.

"ರೊಟ್ಟಿ ಬಾಜೂ ಅದನ್ನ ಇಡಬ್ಯಾಡ," ಎಂದು ಅತ್ತೆ ಮೊದಮೊದಲು ಸಿಡುಕಿದರು. ಕೆಲವು ವಾರ ಕಳೆಯುವಷ್ಟರಲ್ಲಿ ತಾವೇ ಒಲೆಯ ಬದಿಯ ಬೂದಿಯಲ್ಲಿ ಅವಕ್ಕೊಂದು ಜಾಗ ಮಾಡಿಕೊಟ್ಟಿದ್ದರು. ಇಕ್ಕಳದಲ್ಲಿ ಹಿಡಿದು ಹೊರಳಿಸಿ ಹಾಕುತ್ತ, "ಬೆಂದಾವ, ಒಯ್ಯಿ," ಎನ್ನುತ್ತಿದ್ದರು, ಬದನೆಕಾಯಿ ಸುಟ್ಟವರ ಹಾಗೆ. ಮಳೆಗಾಲದಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಎಂಬ ಗಡ್ಡೆಗೆ ಥಂಡಿ ಹಿಡಿಯುತ್ತಿತ್ತು. ಅದನ್ನು ಬಿಚ್ಚಿ, ಬಿಸಿಲು ಬಿದ್ದಾಗ ಹಪ್ಪಳದ ಜೊತೆಗೇ ಮಾಳಿಗೆಯ ಮೇಲೆ ಇಡುತ್ತಿದ್ದೆವು. ಕಾಗೆ ಓಡಿಸಲು ಕೂತ ಅತ್ತೆ ಎರಡಕ್ಕೂ ಕಾವಲು.

ಇವರು ಇಂಜಿನ್ನನ್ನು ನೋಡುತ್ತಿದ್ದ ರೀತಿಯೇ ಬೇರೆ. ರೋಗಿಯ ಎದೆಗೆ ಹಚ್ಚುವ ನಳಿಗೆಯನ್ನೇ ಅದಕ್ಕೂ ಹಚ್ಚಿ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಮೂರನೇ ಸಿಲಿಂಡರಕ್ಕ ದಮ್ಮ ಐತಿ," ಎನ್ನುವರು. ಆಮೇಲೆ ನಳಿಗೆಯನ್ನು ಸ್ಪಿರಿಟಿನಲ್ಲಿ ಒರೆಸಿ ದವಾಖಾನೆಗೆ ಹೋಗುವರು. ಗಾಡಿ ದಾರಿಯಲ್ಲಿ ಕೈಕೊಟ್ಟಾಗ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಕೋಟು ಬಿಚ್ಚಿ, ಬಾನೆಟ್ಟಿನ ಪಟ್ಟಿ ಸಡಿಲಿಸಿ, "ಏನಾತೋ ನಿನಗ?" ಎಂದು ಕೇಳಿಯೇ ಕೆಲಸ ಸುರು ಮಾಡುತ್ತಿದ್ದರು.

ಒಂದು ದಿನ ಫಾಲ್ಸಿನ ನೂಲಿನ ಗಿರಣಿಯಿಂದ ಪರಿಚಯದ ಫಿಟ್ಟರ್ ಒಬ್ಬರು ಔಷಧಕ್ಕೆಂದು ಬಂದವರು ಗಾಡಿಯನ್ನು ನೋಡಿದರು. ಟಾಕಿಯ ಕಥೆ ಕೇಳಿ ನಕ್ಕರು.

"ಡಾಕ್ಟರ್ರ, ಇದಕ್ಕ್ಯಾಕ ಇಷ್ಟ ತ್ರಾಸ ತಗೋತೀರಿ? ಇಂಜಿನ್ನಿನ ಮ್ಯಾಲ ಒಂದು ಸಣ್ಣ ಟಾಕಿ ಕೂಡ್ರಿಸಿಕೊಡ್ತೀನಿ. ಪೆಟ್ರೋಲ ತಾನ ಇಳೀತೈತಿ. ಅಕ್ಕಾವ್ರು ಹಿಂಗ ಗಾಳಿ ಹೊಡಿಯೂದು ತಪ್ಪತೈತಿ."

ಇವರು ಗಲ್ಲ ಕೆರೆದುಕೊಂಡರು. "ಹೌದ್ರಿ, ಆಗತೈತಿ," ಎಂದರು. ಬಾನೆಟ್ಟಿನ ಪಟ್ಟಿ ಬಿಗಿಯುತ್ತ, "ಇರಲಿ ಬಿಡ್ರಿ. ಈಗೇನ ನಡದೈತಲ್ಲ," ಎಂದರು.

ಫಿಟ್ಟರ್ ಹೋದ ಮೇಲೆ ನನಗೆ ಸ್ವಲ್ಪ ಬೇಸರವಾಯಿತು. ಇಷ್ಟು ಸುಲಭದ ದಾರಿ ಇದ್ದರೂ ನನ್ನ ಕೈ ನೋಯಲಿ ಎಂದರಲ್ಲ ಎಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತದೆ ಹೇಳಿದರು:

"ಆ ಟಾಕಿ ಕೂಡ್ರಿಸಿದ್ರ ನೀ ಮನ್ಯಾಗ ಕೂಡ್ರತಿ. ಅದಕ್ಕ ಬ್ಯಾಡ ಅಂದಾನ. ನಿನಗ ಅಷ್ಟೂ ತಿಳಿಯೂದಿಲ್ಲೇನ?"

ನನ್ನ ಕೈಯಲ್ಲಿದ್ದ ತಾಟು ಮೆತ್ತಗೆ ಕೆಳಗೆ ಇಳಿಯಿತು. ಆ ಸಂಜೆ ಇವರು ಊಟಕ್ಕೆ ಕೂತಾಗ ತುಪ್ಪ ಹೆಚ್ಚು ಬಿತ್ತು.

ಗಾಡಿ ನಡೆಸುವುದನ್ನು ನಾನು ಕಲಿತದ್ದೂ ಅದರ ರೋಗದಿಂದಲೇ. ಇಂಜಿನ್ನು ಏಳದಿದ್ದಾಗ ಇವರು ಹಿಂದಿನಿಂದ ದೂಡಬೇಕು, ಒಳಗಿದ್ದವರು ಸ್ಟೇರಿಂಗು ಹಿಡಿದು ಸರಿಯಾದ ಗಳಿಗೆಗೆ ಕ್ಲಚ್ಚು ಬಿಡಬೇಕು. ಮೊದಲು ಅಷ್ಟನ್ನೇ ಕಲಿಸಿದರು. ಇಂಜಿನ್ನು ಎದ್ದ ಮೇಲೆ ನಿಲ್ಲಿಸುವುದಕ್ಕೆ ಮನಸ್ಸಾಗದೆ ನಾನು ಸ್ವಲ್ಪ ಮುಂದೆ ಹೋಗುತ್ತಿದ್ದೆ. ಇವರು ಹಿಂದೆ ಓಡಿ ಬರುತ್ತಿದ್ದರು. ಆ ಸ್ವಲ್ಪವೇ ವಾರದಿಂದ ವಾರಕ್ಕೆ ಉದ್ದವಾಯಿತು. ಕಡೆಗೆ ಇವರೇ ಸುಗ್ಗಿ ಮುಗಿದ ಒಂದು ಹೊಲಕ್ಕೆ ಕರೆದುಕೊಂಡು ಹೋಗಿ ಗೇರು ಬದಲಿಸುವುದನ್ನು ಹೇಳಿಕೊಟ್ಟರು. ಆ ಗೇರು ಮೃದುವಾಗಿ ಕೇಳಿದರೆ ಬರುತ್ತಿರಲಿಲ್ಲ, ಜಬರದಸ್ತಿ ಮಾಡಿದರೆ ಹಲ್ಲು ಕಡಿಯುತ್ತಿತ್ತು. ನಡುವಿನ ಒಂದು ಬಗೆ ಕೈಗೆ ಹತ್ತಲು ಬಹಳ ದಿನ ಹಿಡಿಯಿತು. ಊರೊಳಗೆ ನಾನು ನಡೆಸಿರಲಿಲ್ಲ. ನಡೆಸಬೇಕಾದೀತು ಎಂದುಕೊಂಡೂ ಇರಲಿಲ್ಲ.

ಆ ದಿನ ಸಂತೆಯ ದಿನ. ಬೆಳಗ್ಗೆ ಪ್ಲಗ್ಗು ಬಿಸಿ ಮಾಡಿ ಕೂಡಿಸಿದ್ದಾಯಿತು, ಔಷಧದ ಪೆಟ್ಟಿಗೆ ಇಟ್ಟದ್ದಾಯಿತು. ಇವರು ಮುಂದೆ ಬಗ್ಗಿ ಹ್ಯಾಂಡಲ್ ತಿರುವಿದರು. ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿ ಇತ್ತು. ಇಂಜಿನ್ನು ಎಬ್ಬಿಸುವ ಮೊದಲು ಅದನ್ನು ಹಿಂದಕ್ಕೆ ಸರಿಸಿಟ್ಟು ಕಿಡಿಯನ್ನು ತಡವಾಗಿಸಬೇಕು. ಅವತ್ತು ಇವರು ಅದನ್ನು ಮರೆತಿದ್ದರು. ಕಿಡಿ ಬೇಗ ಬಿದ್ದು ಇಂಜಿನ್ನು ಉಲ್ಟಾ ಒದೆಯಿತು. ಹ್ಯಾಂಡಲ್ ರಪ್ಪನೆ ಹಿಂದಕ್ಕೆ ತಿರುಗಿ ಅವರ ಬಲಗೈಗೆ ಬಡಿಯಿತು. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಒತ್ತಿ ನೋಡಿ, ಬೇರೆ ಯಾರದೋ ಕೈಯೆಂಬಂತೆ ಹೇಳಿದರು: "ಮುರದೈತಿ."

ನಾನು ಅತ್ತೆ ಇಬ್ಬರೂ ಸೇರಿ ಅವರು ಹೇಳಿದಂತೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿ, ಕೈಯನ್ನು ಕೊರಳಿಗೆ ತೂಗುಹಾಕಿದೆವು. ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ನೋವಿಗೆ ಏನೋ ನುಂಗಿದರು. ಆಮೇಲೆ ಹೊರಗೆ ನೋಡಿದರು.

"ಮೂಡಲಗ್ಯಾಗ ಮಂದಿ ಬಿಸಿಲಾಗ ಕುಂತಿರ್ತಾರ," ಎಂದರು.

"ಇವತ್ತ ಒಂದ ದಿನ ಬಿಡಪಾ," ಎಂದರು ಅತ್ತೆ.

"ನಾಗನೂರಿಂದ, ಇನ್ನೂ ಎಲ್ಲೆಲ್ಲಿಂದೋ ನಡಕೊಂಡ ಬರ್ತಾರವ್ವಾ. ಹೇಳಿ ಕಳಸಾಕೂ ಯಾರೂ ಇಲ್ಲ." ಅವರು ನನ್ನ ಕಡೆ ತಿರುಗಿದರು. "ನೀ ನಡಸ್ತಿ?"

ನಾನು ಹೂಂ ಎಂದೆ.

"ಮತ್ತ ಗಾಳಿ?" ಎಂದೆ. ನನಗೆ ಎರಡೂ ಕೈ ಸ್ಟೇರಿಂಗಿಗೇ ಬೇಕು. ಇವರ ಬಲಗೈ ಹೋಗಿದೆ, ಎಡಗೈಯಿಂದ ಪಂಪು ಹೊಡೆದರೂ ಮೈ ಅಲುಗಿ ಮುರಿದ ಕೈ ನೋಯುತ್ತದೆ. ಕಂಪೌಂಡರನ ಹೆಸರೆತ್ತುವ ಹಾಗಿರಲಿಲ್ಲ.

ಅತ್ತೆ ಒಳಗೆ ಹೋದರು. ಬೇಸರವಾಗಿ ಹೋದರೆಂದುಕೊಂಡೆ. ಆದರೆ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಹೊರಗೆ ಬಂದರು. ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗಡೆಯ ಸೀಟಿಗೆ ಏರಿ ಕೂತು, "ಎಲ್ಲಿ ಹೊಡೀಬೇಕು ತೋರಸು," ಎಂದರು.

ಇವರು ಹಿಂದೆ ಪೆಟ್ರೋಲಿನ ಟಾಕಿಯ ಮೇಲೆ ಹಾಸಿದ ಗೋಣಿಚೀಲದ ಮೇಲೆ ಕೂತು, ಒಳ್ಳೆಯ ಕೈಯಿಂದ ನನ್ನ ಸೀಟಿನ ಬೆನ್ನು ಹಿಡಿದುಕೊಂಡರು. ಓಣಿಯ ಗಂಡಸರು ಇಬ್ಬರು ದೂಡಿದರು. ಇಂಜಿನ್ನು ಎದ್ದಿತು. ನಾವು ಮೂವರೂ ಹೊರಟೆವು.

ಪೇಟೆಯಲ್ಲಿ ಮಂದಿ ಏನೆಂದರೋ ನನಗೆ ಗೊತ್ತಿಲ್ಲ. ನಾನು ರಸ್ತೆಯ ಹೊರತು ಏನನ್ನೂ ನೋಡಲಿಲ್ಲ. ಕಿವಿಯ ಹಿಂದೆ ಇವರ ದನಿ ಮಾತ್ರ: "ಸಾವಕಾಶ... ಈಗ ಕ್ಲಚ್ಚು... ಹಾಂ... ದನ ಬಂತು, ದನ." ಪಕ್ಕದಲ್ಲಿ ಅತ್ತೆ ಮೊಸರು ಕಡೆಯುವ ಲಯದಲ್ಲಿ ಪಂಪು ಹೊಡೆಯುತ್ತಿದ್ದರು. ನನ್ನದು ಹೊಡೆದು ಬಿಟ್ಟು, ಹೊಡೆದು ಬಿಟ್ಟು ನಡೆಯುತ್ತಿತ್ತು. ಅವರದು ಒಂದೇ ಸಮ. ಇಂಜಿನ್ನು ನನ್ನ ಕೈಗೆ ಯಾವತ್ತೂ ಓಡದಷ್ಟು ಮೆತ್ತಗೆ ಓಡಿತು. ಹೊಳೆ ದಾಟಿದ ಮೇಲೆ ಅತ್ತೆಯ ತಲೆಯ ಸೆರಗು ಗಾಳಿಗೆ ಜಾರಿತು. ಅವರು ಅದನ್ನು ಎಳೆದುಕೊಳ್ಳಲಿಲ್ಲ. ಪಂಪು ಬಿಡಬೇಕಾಗುತ್ತಿತ್ತಲ್ಲ.

ನಾಗನೂರು ಹತ್ತಿರ ಬಂದಾಗ ಮುಂದಿನಿಂದ ಹಬೆ ಎದ್ದಿತು. ನಿಲ್ಲಿಸಿ ಇಳಿದು ನೋಡಿದರೆ ರೇಡಿಯೇಟರಿನ ಕೆಳಗೆ ಸಣ್ಣದೊಂದು ಬಿರುಕು. ಹಾಕಿದ ನೀರೆಲ್ಲ ತೊಟ್ಟಿಕ್ಕಿ ಹೋಗುತ್ತಿತ್ತು. ಹೊಲದ ಬಾವಿಯಿಂದ ನೀರು ತಂದು ಹಾಕಬಹುದು, ಆದರೆ ಮೂಡಲಗಿ ಮುಟ್ಟುವವರೆಗೆ ಅದು ನಿಲ್ಲುವ ಹಾಗೆ ಕಾಣಲಿಲ್ಲ.

"ಸಾಹೇಬ ಒಂದು ಉಪಾಯ ಹೇಳಿದ್ದ," ಎಂದರು ಇವರು ಮೇಲಿನಿಂದಲೇ. "ತತ್ತಿ ಒಡದ ಅದರಾಗ ಹಾಕಿದ್ರ, ಕುದ್ದು ತೂತಿಗೆ ಹತ್ತಿ ಮುಚ್ಚತೈತಂತ."

ಅತ್ತೆ ಪಂಪಿನಿಂದ ಕೈ ತೆಗೆದರು. "ಕೋಳಿ ತತ್ತಿ? ನಾ ಕುಂತ ಗಾಡ್ಯಾಗ? ಹಾಕ್ರಿ. ನಾ ಇಲ್ಲೇ ಇಳದ ನಡಕೊಂಡ ಮನಿಗೆ ಹೋಗ್ತೀನಿ."

"ಹಂಗಲ್ಲವ್ವಾ, ಅಂಟು ಅಂಥಾದ್ದು ಏನರ ಬೇಕು ನೋಡು."

ಅತ್ತೆ ಸ್ವಲ್ಪ ಹೊತ್ತು ಆ ತೊಟ್ಟಿಕ್ಕುವುದನ್ನು ನೋಡಿದರು. ಆಮೇಲೆ ಬುತ್ತಿ ಬಿಚ್ಚಿ, ರೊಟ್ಟಿಯ ನಡುವೆ ಇದ್ದ ಚಟ್ನಿಪುಡಿಯ ಗಂಟು ಹೊರಗೆ ತೆಗೆದರು. ಅಗಸಿ ಬೀಜದ ಚಟ್ನಿ. "ಅಗಸಿ ನೀರಾಗ ಬಿದ್ದರ ಲೋಳಿ ಆಗತೈತಿ. ಇದನ್ನ ಹಾಕಿ ನೋಡ್ರಿ," ಎಂದರು.

ಇವರು ನಕ್ಕರು, ನಕ್ಕದ್ದಕ್ಕೆ ಕೈ ನೊಂದು ಮುಖ ಕಿವಿಚಿದರು. ಬೇರೆ ದಾರಿ ಇರಲಿಲ್ಲ. ಇಂಜಿನ್ನು ಆರಿದ ಮೇಲೆ ಒದ್ದೆ ಬಟ್ಟೆಯಿಂದ ಮುಚ್ಚಳ ತೆಗೆದು ಚಟ್ನಿಪುಡಿ ಸುರುವಿ, ನೀರು ಹೊಯ್ದು, ಹೊಲದವರಿಂದ ದೂಡಿಸಿಕೊಂಡು ಮತ್ತೆ ಹೊರಟೆವು. ತೊಟ್ಟಿಕ್ಕುವುದು ಬರಬರುತ್ತ ಕಡಿಮೆಯಾಯಿತು, ಆಮೇಲೆ ನಿಂತಿತು. ಆದರೆ ಆ ಚಟ್ನಿಯಲ್ಲಿ ಬರೀ ಅಗಸಿ ಇರಲಿಲ್ಲ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಇತ್ತು. ಮೂಡಲಗಿಯವರೆಗೂ ಮುಂದಿನಿಂದ ಖಾರದ ಹಬೆ ಬಂದು ಮುಖಕ್ಕೆ ಹೊಡೆಯಿತು. ನಾನು ಸೀನುತ್ತ ನಡೆಸಿದೆ, ಅತ್ತೆ ಕೆಮ್ಮುತ್ತ ಗಾಳಿ ಹೊಡೆದರು, ಇವರು ಹಿಂದೆ ಕೂತು ಕಣ್ಣೀರು ಒರೆಸಿಕೊಂಡರು. ದಾರಿಯಲ್ಲಿ ಎದುರಾದ ಮುದುಕನೊಬ್ಬ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ತಲೆಯ ಪಟಗ ತೆಗೆದು ನಿಂತ.

ಮೂಡಲಗಿಯ ಕೋಣೆಯ ಮುಂದೆ ಜನ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು. ಒಬ್ಬ ಹಿರಿಯರು ಇವರ ಕೊರಳಿಗೆ ತೂಗಿದ ಕೈ ನೋಡಿ, "ಡಾಕ್ಟರ್ರ, ಇವತ್ತ ನಿಮ್ಮ ನಾಡಿ ನಾವು ನೋಡಬೇಕೇನ್ರಿ?" ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಒಬ್ಬನು ಮಾತ್ರ ನಗಲಿಲ್ಲ. ನಗಲು ಅವನಿಗೆ ಆಗುತ್ತಿರಲಿಲ್ಲ.

ಅವನು ಕುರುಬರವನು, ಎತ್ತರದ ಗಟ್ಟಿಮುಟ್ಟಾದ ಆಳು. ಬೆಳಗ್ಗೆ ಕುರಿಹಟ್ಟಿಯಲ್ಲಿ ಎದ್ದು ಆಕಳಿಸಿದನಂತೆ. ತೆರೆದ ಬಾಯಿ ತೆರೆದ ಹಾಗೆಯೇ ನಿಂತಿತು. ಗಲ್ಲ ಮುಂದಕ್ಕೆ ಬಂದಿತ್ತು, ಜೊಲ್ಲು ಇಳಿಯುತ್ತಿತ್ತು, ಕಣ್ಣಲ್ಲಿ ದಿಗಿಲು ತುಂಬಿತ್ತು. ಮಾತನಾಡಲು ಹೋದರೆ ಕುರಿಯಂಥ ದನಿ ಹೊರಡುತ್ತಿತ್ತು. ಅವನ ಹೆಂಡತಿ, "ಏನೋ ಬಡದೈತ್ರಿ ಇವಗ. ನೀವ ಕಾಯಬೇಕು," ಎಂದು ಅಳುತ್ತಿದ್ದಳು.

ಇವರು ಎಡಗೈಯಿಂದ ಅವನ ಕಿವಿಯ ಮುಂದೆ ಮುಟ್ಟಿ ನೋಡಿದರು. "ಏನೂ ಬಡದಿಲ್ಲ ತಂಗೀ. ದವಡಿ ಕೀಲ ಜಾರೈತಿ, ಅಷ್ಟ. ಒಂದ ಗಳಿಗಿ ಕೆಲಸ," ಎಂದರು. ಆಮೇಲೆ ತಮ್ಮ ಕಟ್ಟಿದ ಕೈ ನೋಡಿಕೊಂಡರು. ಅದಕ್ಕೆ ಎರಡೂ ಹೆಬ್ಬೆರಳು ಬೇಕು, ಎರಡರಲ್ಲೂ ಬಲ ಬೇಕು.

ನನ್ನನ್ನು ನೋಡಿದರು. ನಾನು ಕೈ ಮುಂದೆ ಚಾಚಿ ತೋರಿಸಿದೆ. ಸ್ಟೇರಿಂಗು ಹಿಡಿದು ಹಿಡಿದು ಅವು ಇನ್ನೂ ಗಡಗಡ ನಡುಗುತ್ತಿದ್ದವು.

"ಏನ ಮಾಡಬೇಕು ಹೇಳು," ಎಂದರು ಅತ್ತೆ.

ಇವರು ಹೇಳಿದರು. ಅತ್ತೆಯ ಎರಡೂ ಹೆಬ್ಬೆರಳಿಗೆ ನಾನು ಬಟ್ಟೆಯನ್ನು ದಪ್ಪಗೆ ಸುತ್ತಿದೆ. ಕುರುಬನನ್ನು ನೆಲದ ಮೇಲೆ ಕೂರಿಸಿ, ಅವನ ತಲೆಯನ್ನು ಗೋಡೆಗೆ ಆನಿಸಿದೆವು. ಅತ್ತೆ ಅವನ ಎದುರು ಮಂಡಿಯೂರಿದರು.

"ತಮ್ಮಾ, ನನ್ನ ಬೆರಳ ಕಡದಿ ಅಂದ್ರ ನೋಡ ಮತ್ತ," ಎಂದರು.

ಅವನು ತಲೆಯಾಡಿಸಿದ. ಅತ್ತೆ ಹೆಬ್ಬೆರಳುಗಳನ್ನು ಅವನ ಹಿಂದಿನ ಹಲ್ಲುಗಳ ಮೇಲೆ ಇಟ್ಟರು. "ಕೆಳಗ ಒತ್ತವ್ವಾ... ಇನ್ನೂ... ಬಿಡಬ್ಯಾಡ... ಈಗ ಹಿಂದಕ್ಕ," ಎನ್ನುತ್ತಿದ್ದರು ಇವರು. ಅತ್ತೆಯ ಕೊರಳಿನ ನರ ಉಬ್ಬಿತು. ಟಕ್ಕೆಂದು ಸದ್ದಾಯಿತು. ಬಾಯಿ ಮುಚ್ಚಿತು. ಅತ್ತೆ ಬೆರಳು ಹೊರಗೆಳೆದುಕೊಂಡರು, ಆದರೆ ಒಂದು ಬೆರಳು ಸ್ವಲ್ಪ ತಡವಾಯಿತು.

"ಕಡದ್ಯೋ ಇಲ್ಲೋ, ಮಗನ!" ಎಂದು ಅವನ ಭುಜಕ್ಕೊಂದು ಹೊಡೆದರು.

ಅವನು ಬಾಯಿ ಮುಚ್ಚಿಕೊಂಡೇ ಸುಮ್ಮನೆ ಕೂತ. ಮೆಲ್ಲಗೆ ಸ್ವಲ್ಪ ತೆರೆದ, ಹೆದರಿ ಮುಚ್ಚಿದ. ಆಮೇಲೆ, "ಯವ್ವಾ, ನೀರ," ಎಂದ. ಅವನ ಹೆಂಡತಿ ಅತ್ತೆಯ ಕಾಲು ಹಿಡಿಯಲು ಬಗ್ಗಿದಳು. ಅತ್ತೆ ಅವಳನ್ನು ಎತ್ತಿ, "ನನ್ನ ಕಾಲ ಯಾಕ ಹಿಡೀತಿ? ಮೊದಲ ಅವಗ ನೀರ ಕುಡಸು. ಮತ್ತ ಇನ್ನ ಮ್ಯಾಲ ಆಕಳಿಸುವಾಗ ಗಲ್ಲಕ್ಕ ಕೈ ಹಿಡಕೋ ಅನ್ನು," ಎಂದರು. ಗಲ್ಲಕ್ಕೆ ಕೈ ಹಿಡಿಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವರು ಮಾತ್ರ, "ಖರೇ ಹೇಳಿದ್ಲು, ಹಂಗ ಮಾಡ್ರಿ," ಎಂದರು.

ಆ ಹೊತ್ತು ಇವರು ಹೇಳುತ್ತ ಹೋದರು, ನಾವಿಬ್ಬರೂ ಮಾಡುತ್ತ ಹೋದೆವು. ಹುಣ್ಣು ತೊಳೆದೆವು, ಪಟ್ಟಿ ಕಟ್ಟಿದೆವು, ಗುಳಿಗೆ ಎಣಿಸಿ ಕೊಟ್ಟೆವು. ಬಿಸಿಲು ಇಳಿಯುವ ಮೊದಲೇ ಹೊರಟು ಮನೆ ಮುಟ್ಟಿದೆವು. ತಿರುಗಿ ಬರುವ ದಾರಿಯುದ್ದಕ್ಕೂ, ಮಾತೇ ಆಡದ ನಮ್ಮ ಅತ್ತೆ ಗಾಳಿ ಹೊಡೆಯುತ್ತ ಮಾತಾಡಿದರು. ತಾವು ಸಣ್ಣವರಿದ್ದಾಗ ಮರ ಹತ್ತುತ್ತಿದ್ದದ್ದು, ಹೊಳೆ ಈಸುತ್ತಿದ್ದದ್ದು, ಮದುವೆಯಾದ ಹೊಸದರಲ್ಲಿ ಮಾವನವರು ಹತ್ತಿಯ ಗಾಡಿಯ ಮೇಲೆ ಕೂರಿಸಿಕೊಂಡು ಒಂದೇ ಒಂದು ಸಲ ಊರಾಚೆ ಕರೆದುಕೊಂಡು ಹೋದದ್ದು. ಮಗನಿಗೂ ಅದು ಗೊತ್ತಿರಲಿಲ್ಲವಂತೆ. ಇವರು ಹಿಂದೆ ಟಾಕಿಯ ಮೇಲೆ ಕೂತು, ಕೈ ನೋವನ್ನೂ ಮರೆತು, "ಆಮ್ಯಾಲ?" ಎಂದು ಕೇಳುತ್ತಿದ್ದರು.

ಚಟ್ನಿಯ ಉಪಕಾರಕ್ಕೆ ನಾವು ಬೆಲೆ ತೆರಬೇಕಾಯಿತು. ಬಿರುಕಿನ ಜೊತೆಗೆ ಒಳಗಿನ ಸಣ್ಣ ಕೊಳವೆಗಳೂ ಮುಚ್ಚಿಕೊಂಡು, ಮುಂದಿನ ವಾರ ಇಂಜಿನ್ನು ಊರು ದಾಟುವ ಮೊದಲೇ ಕುದಿಯಿತು. ರೇಡಿಯೇಟರನ್ನು ಬಿಚ್ಚಿ ಸ್ನಾನದ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ ತೊಳೆದು, ಬಿರುಕಿಗೆ ಬೆಸುಗೆ ಹಾಕಿಸಿದೆವು. ಅಷ್ಟು ದಿನ ಮನೆಯ ನೀರೆಲ್ಲ ಬೆಳ್ಳುಳ್ಳಿ ನಾರಿತು. ಅದರ ನಡುವೆ ಒಂದು ಬೆಳಗ್ಗೆ ಕುರುಬ ಬಂದು ಹೊಸ ಕರಿಕಂಬಳಿಯೊಂದನ್ನು ಅತ್ತೆಯ ಮುಂದೆ ಇಟ್ಟ. ಚಳಿಯಲ್ಲಿ ಇಂಜಿನ್ನಿಗೆ ಹೊದಿಸಲು ಚೆನ್ನಾಗಿದೆ ಎಂದು ಇವರು ಕೈ ಚಾಚಿದರು. ಅತ್ತೆ ಕಂಬಳಿಯನ್ನು ತಮ್ಮ ಕಡೆ ಎಳೆದುಕೊಂಡು, "ದವಡಿ ಕೂಡ್ರಿಸಿದ್ದು ಇಂಜಿನ್ನ ಅಲ್ಲ," ಎಂದರು.

ಇವರ ಮಣಿಕಟ್ಟು ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ ಕೂಡಿತು. ಬಿಗಿಯಾದ ಗೇರು ಎಳೆಯುವಾಗ ನೋಯುತ್ತಿತ್ತು. ಹಾಗಾಗಿ ಆಮೇಲೆಯೂ ನಾನೇ ನಡೆಸಿದೆ. ಅವರು ಎಡಗಡೆ ಕೂತು ಗಾಳಿ ಹೊಡೆದರು. ಊರಿನಲ್ಲಿ ಕೆಲವರು, ಡಾಕ್ಟರು ಹೆಂಡತಿಗೆ ಗಾಳಿ ಹಾಕುತ್ತಾನೆಂದು ಆಡಿಕೊಂಡರು. ಆ ಮಾತನ್ನು ಮನೆಗೆ ತಂದು ನಮಗೆ ಹೇಳಿ ನಕ್ಕವರೂ ಇವರೇ.

ಯುದ್ಧ ಬಂದ ಮೇಲೆ ಪೆಟ್ರೋಲು ಅಳೆದು ಕೊಡತೊಡಗಿದರು. ಟಾಯರು ಸಿಗುವುದು ನಿಂತಿತು. ಅದೇ ಸಮಯಕ್ಕೆ ಇಂಜಿನ್ನಿನ ಹೊಟ್ಟೆಯೊಳಗಿನಿಂದ ಒಂದು ಹೊಸ ಸದ್ದು ಸುರುವಾಯಿತು, ಮುಚ್ಚಿದ ಬಾಗಿಲನ್ನು ಯಾರೋ ಒಳಗಿನಿಂದ ತಟ್ಟಿದ ಹಾಗೆ. ಇವರು ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ನನಗೂ ಕೇಳಲು ಕೊಟ್ಟರು.

"ಬೇರಿಂಗ ಸವದಾವ. ಜೋರ ಓಡಿಸಿದ್ರ ಒಡೀತೈತಿ," ಎಂದರು. "ಸಾವಕಾಶ ಒಂದ ಕಡೆ ನಿಂತು ಕೆಲಸ ಮಾಡಿದ್ರ ಇನ್ನೂ ಭಾಳ ದಿನ ಬಾಳತೈತಿ. ಮುದುಕ್ರು ಹಂಗ ಅಲ್ಲೇನು?"

ನಾಗನೂರಿನ ಒಬ್ಬ ರೈತರು, ಇವರಿಂದ ಕಾಯಿಲೆ ವಾಸಿ ಮಾಡಿಸಿಕೊಂಡವರು, ಕಬ್ಬಿನ ಹೊಲಕ್ಕೆ ನೀರೆತ್ತಲು ಒಂದು ಇಂಜಿನ್ನು ಹುಡುಕುತ್ತಿದ್ದರು. ಅವರ ಚಕ್ಕಡಿ ನಮ್ಮ ಅಂಗಳಕ್ಕೆ ಬಂತು. ಹಗ್ಗ, ಬಿದಿರು ಕಟ್ಟಿ ಇಂಜಿನ್ನನ್ನು ಹೊರಗೆತ್ತಿ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಇವರು ಹೊಲದವರೆಗೂ ಅದರ ಜೊತೆ ಹೋಗಿ, ಕೂಡಿಸುವುದನ್ನು ನೋಡಿ, ಸೀಮೆಎಣ್ಣೆಯಲ್ಲಿ ಓಡುವುದಕ್ಕೆ ಅದನ್ನು ಒಗ್ಗಿಸಿ ಬಂದರು. ಆಮೇಲೆ ನಾವು ಮೂಡಲಗಿಗೆ ಮಂದಿ ಒಯ್ಯುವ ಸರ್ವಿಸ್ ಮೋಟಾರಿನಲ್ಲಿ ಹೋಗುವಾಗ ಒಮ್ಮೊಮ್ಮೆ ನಾಗನೂರಿನಲ್ಲಿ ಇಳಿದು ಹೊಲಕ್ಕೆ ಹೋಗುತ್ತಿದ್ದೆವು. ಅದು ಬಾವಿಯ ದಂಡೆಯ ಮೇಲೆ ತಟ್ಟುತ್ತ, ಕೆಮ್ಮುತ್ತ, ಆದರೆ ನಿಲ್ಲದೆ ನೀರೆತ್ತುತ್ತಿತ್ತು. ಕಾಲುವೆಯಲ್ಲಿ ತಣ್ಣನೆಯ ನೀರು ಕಬ್ಬಿನ ಬುಡಕ್ಕೆ ಓಡುತ್ತಿತ್ತು.

ಗಾಡಿಯ ಉಳಿದ ಭಾಗಗಳನ್ನು ಯಾರ್ಯಾರೋ ಕೇಳಿ ಒಯ್ದರು. ಎರಡು ಸೀಟುಗಳನ್ನು ಮಾತ್ರ ಇವರು ಕೊಡಲಿಲ್ಲ. ಅವನ್ನು ಹಿತ್ತಲ ಕಟ್ಟೆಯ ಮೇಲೆ ಬೇವಿನ ಗಿಡದ ನೆರಳಿಗೆ ಇಟ್ಟರು. ಸಂಜೆ ದವಾಖಾನೆ ಮುಗಿಸಿ ಬಂದು ಒಂದರಲ್ಲಿ ಕೂರುತ್ತಿದ್ದರು. ಇನ್ನೊಂದರಲ್ಲಿ ಅತ್ತೆ ಮೊದಲೇ ಕೂತು ಶೇಂಗಾ ಸುಲಿಯುತ್ತಿರುತ್ತಿದ್ದರು. ನಾನು ಚಹಾ ತೆಗೆದುಕೊಂಡು ಬಂದರೆ ಇಬ್ಬರೂ ಏಳುತ್ತಿರಲಿಲ್ಲ. ನಾನು ಕಟ್ಟೆಯ ಅಂಚಿಗೆ ಕೂತು, ಅತ್ತೆಯ ಮಡಿಲಿನಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗುತ್ತಿದ್ದೆ.